ಸುರಂಗದ ಆರು ಗೂಡುಗಳು

ನಮ್ಮ ಮನೆಯ ನೆಲದಡಿಯ ನೀರಿನ ಸಂಪನ್ನು ವರ್ಷಕ್ಕೆ ಎರಡು ಸಲ ತೊಳೆಸುತ್ತೇನೆ. ಜನವರಿಯ ಮೊದಲ ಭಾನುವಾರ, ಜುಲೈನ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ. ಈ ಸಲ ತೊಳೆಯುವವನು ಇಪ್ಪತ್ತು ನಿಮಿಷ ತಡಮಾಡಿದ. ಕಾಯುವುದು ನನ್ನಿಂದಾಗುವುದಿಲ್ಲ. ಕಬ್ಬಿಣದ ಮುಚ್ಚಳವನ್ನು ನಾನೇ ಎತ್ತಿಟ್ಟು ಬಗ್ಗಿ ನೋಡಿದೆ. ನೀರನ್ನು ಹಿಂದಿನ ದಿನವೇ ಖಾಲಿ ಮಾಡಿಸಿದ್ದೆ. ಒಳಗಿನ ಕತ್ತಲೆಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಂತು. ನೆನೆದ ಸುಣ್ಣ, ಒದ್ದೆ ಕಲ್ಲು, ಬಿಸಿಲನ್ನೇ ಕಾಣದ ಮಣ್ಣು... ಅದಕ್ಕೆ ಒಂದಿಷ್ಟು ಬಾವಲಿ ಹಿಕ್ಕೆ ಸೇರಿಸಿದ್ದರೆ ಥೇಟ್ ರಾಯಕೋಟೆ ಕಡೆಯ ಆ ಸುರಂಗದ ವಾಸನೆಯೇ.

ಎಷ್ಟು ಹೊತ್ತು ಹಾಗೆ ಬಗ್ಗಿದ್ದೆನೋ. "ಏನ್ ಸಾರ್, ಒಳಕ್ಕೆ ಏನಾರ ಬಿದ್ದೋಯ್ತಾ?" ಎಂದು ಹಿಂದಿನಿಂದ ಕೆಲಸದವನು ಕೇಳಿದಾಗ ಸೊಂಟ ಹಿಡಿದುಕೊಂಡು ಎದ್ದೆ. ಏನೂ ಬಿದ್ದಿರಲಿಲ್ಲ. ಕೀಮ್ಯಾನ್ ತಾತ ನೆನಪಿಗೆ ಬಂದಿದ್ದರು.

ಇದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಆಗ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿದ್ದೆ. ಎಂಜಿನ್ನಿಗೆ ಹೋಗುವ ಬಿಡಿಭಾಗಗಳನ್ನು ಅಳೆಯುವುದು, ಅಳತೆಗೆ ಬಾರದವುಗಳ ಮೇಲೆ ಕೆಂಪು ಗುರುತು ಹಾಕಿ ಬೇರೆ ಬುಟ್ಟಿಗೆ ಎಸೆಯುವುದು ನನ್ನ ಕೆಲಸ. ಬೆಳಿಗ್ಗೆ ಐದಕ್ಕೇ ಗಂಟೆ ಬಾರಿಸಿ ಏಳಿಸಿ, ಚಾಪೆ ಮಡಚುವುದಕ್ಕೂ ಅಂಕ ಕೊಡುತ್ತಿದ್ದ ಹಾಸ್ಟೆಲ್ಲಿನಲ್ಲಿ ಓದಿ ಬೆಳೆದ ನನಗೆ ಆ ಕೆಲಸ ಚೆನ್ನಾಗಿಯೇ ಹೊಂದಿಕೊಂಡಿತ್ತು. ವಾರದ ರಜೆಯ ದಿನ ಕ್ಯಾಮೆರಾ ಹಿಡಿದು ತಿರುಗುವುದೊಂದೇ ನನ್ನ ಚಟ. ಸೆಕೆಂಡ್ ಹ್ಯಾಂಡ್ ಫಿಲ್ಮ್ ಕ್ಯಾಮೆರಾ, ಒಂದು ಮುಕ್ಕಾಲಿ ಸ್ಟ್ಯಾಂಡು, ಒಂದು ರೋಲಿಗೆ ಮೂವತ್ತಾರು ಚಿತ್ರ. ಒಂದು ಚಿತ್ರ ಕೆಟ್ಟರೂ ನನಗೆ ಊಟ ಸೇರುತ್ತಿರಲಿಲ್ಲ.

ರಾಯಕೋಟೆ ಕಡೆ ಗುಡ್ಡದಲ್ಲಿ ಪಾಳುಬಿದ್ದ ಸುರಂಗವೊಂದಿದೆ ಎಂದು ಹೇಳಿದವರು ನಮ್ಮ ಕ್ಯಾಂಟೀನಿನವರು. ಸಣ್ಣ ಹಳಿಯನ್ನು ಕಿತ್ತು ದೊಡ್ಡ ಹಳಿ ಹಾಕಿದಾಗ ರೈಲಿನ ದಾರಿಯನ್ನು ಗುಡ್ಡ ಬಳಸಿಕೊಂಡು ಹೋಗುವಂತೆ ಬದಲಿಸಿದ್ದರು. ಸುರಂಗ ಹಾಗೇ ಉಳಿದುಕೊಂಡಿತ್ತು. ಮುಂದಿನ ರಜೆಯ ದಿನವೇ ಮೊದಲ ಬಸ್ಸು ಹಿಡಿದೆ. ಬಸ್ಸಿಳಿದು ಒಂದು ಗಂಟೆ ನಡೆದ ಮೇಲೆ, ಲಂಟಾನಾ ಪೊದೆಗಳ ನಡುವೆ ಕಲ್ಲಿನ ಕಮಾನು ಕಾಣಿಸಿತು. ನೆಲದಲ್ಲಿ ಹಳಿಯಿಲ್ಲ, ಬರೀ ಜಲ್ಲಿ. ಒಳಗೆ ಎಡಕ್ಕೆ ತಿರುಗುತ್ತಿದ್ದ ಕತ್ತಲೆ. ಆ ತಿರುವಿನಿಂದಾಗಿ ಆ ಕಡೆಯ ಬೆಳಕು ಕಾಣುತ್ತಿರಲಿಲ್ಲ. ಕ್ಯಾಮೆರಾ ಚೀಲ ಹೆಗಲಿಗೇರಿಸಿ ಕಾಲಿಡಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು.

"ನಿಂತ್ಕಳಿ. ನಾನಿನ್ನೂ ನೋಡಿಲ್ಲ."

ಎಪ್ಪತ್ತರ ಹತ್ತಿರದ ಮನುಷ್ಯ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ತಲೆಗೆ ಟವಲು, ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ. ಸಣಕಲು ಕಾಲುಗಳಾದರೂ ಜಲ್ಲಿಯ ಮೇಲೆ ಅವು ಒಂದೇ ಅಳತೆಯ ಹೆಜ್ಜೆ ಇಡುತ್ತಿದ್ದವು. ನನ್ನ ಗಡಿಯಾರದಲ್ಲಿ ಸರಿಯಾಗಿ ಒಂಬತ್ತು ಗಂಟೆ.

"ಏನು ನೋಡಬೇಕು? ಹಳಿಯೇ ಇಲ್ಲವಲ್ಲ, ರೈಲು ಎಲ್ಲಿಂದ ಬರುತ್ತೆ?" ಎಂದೆ.

"ರೈಲು ಬರಾಕಿಲ್ಲ ಅಂತ ನಂಗೂ ಗೊತ್ತು ಸಾರ್. ಕಲ್ಲು ಬೀಳಕ್ಕೆ ರೈಲೇ ಬರ್ಬೇಕಾ?"

ನನ್ನನ್ನು ಅಲ್ಲೇ ನಿಲ್ಲಿಸಿ ಒಳಗೆ ಹೋದರು. ಟಣ್, ಟಣ್ ಎಂದು ಗೋಡೆಗೆ ಬಡಿಯುವ ಸದ್ದು ದೂರವಾಗುತ್ತಾ ಹೋಗಿ, ಮತ್ತೆ ಹತ್ತಿರವಾಯಿತು. ಬಂದವರೇ, "ಹೋಗ್ಬೋದು. ಬಲಗಡೆ ಗೋಡೆ ಮೂರನೇ ಗೂಡಿನ ಮೇಲ್ಗಡೆ ಸೌಂಡು ಸರಿಗಿಲ್ಲ, ಅದ್ರ ಕೆಳಗೆ ಮಾತ್ರ ನಿಂತ್ಕಬೇಡಿ" ಎಂದರು.

ಆ ಊರಿನವರೆಲ್ಲ ಅವರನ್ನು ಕೀಮ್ಯಾನ್ ತಾತ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಹಳಿಯನ್ನು ಹಿಡಿದಿಡುವ ಕೀಲಿಗಳು ಸಡಿಲವಾಗಿವೆಯೇ ಎಂದು ದಿನವೂ ಸುತ್ತಿಗೆಯಿಂದ ತಟ್ಟುತ್ತಾ ಮೈಲಿಗಟ್ಟಲೆ ನಡೆಯುವವನು ಕೀಮ್ಯಾನ್. ಅವರು ಮೂವತ್ತೊಂದು ವರ್ಷ ಆ ದಾರಿಯನ್ನು ನಡೆದಿದ್ದರು. ಅವರು ನಿವೃತ್ತರಾದ ಎರಡು ವರ್ಷಕ್ಕೆ ರೈಲೂ ಆ ದಾರಿಯನ್ನು ಬಿಟ್ಟಿತು. ಅವರು ಮಾತ್ರ ಬಿಡಲಿಲ್ಲ. ದಿನವೂ ಒಂಬತ್ತಕ್ಕೆ ಬರುವುದು, ಆ ತುದಿಯವರೆಗೆ ಹೋಗುವುದು, ಹಿಂದಿರುಗುವುದು. ದನ ಮೇಯಿಸುವವರು, ಸೌದೆಗೆ ಹೋಗುವವರು ಅಡ್ಡದಾರಿಯೆಂದು ಸುರಂಗವನ್ನು ಬಳಸುತ್ತಿದ್ದರು. ಅವರ ತಲೆಯ ಮೇಲೆ ಕಲ್ಲು ಬೀಳಬಾರದು, ಅಷ್ಟೇ. ಸಂಬಳವಿಲ್ಲದ ಕೆಲಸಕ್ಕೆ ಅಷ್ಟು ಕರಾರುವಾಕ್ಕಾಗಿ ಬರುವ ಇನ್ನೊಬ್ಬರನ್ನು ನಾನು ಕಂಡಿರಲಿಲ್ಲ. ನೋಡಿದ ಕೂಡಲೇ ಇಷ್ಟವಾದರು.

ಆ ದಿನ ಸುರಂಗದ ಬಾಯಿಯ ನಾಲ್ಕೈದು ಚಿತ್ರ ತೆಗೆದೆ. ಒಳಗೆ ತೆಗೆಯಲು ಬೆಳಕಿಲ್ಲ. ಹೊರಡುವಾಗ ತಾತ ಒಂದು ಮಾತು ಕೇಳಲು ಬಹಳ ಹೊತ್ತು ತೆಗೆದುಕೊಂಡರು. ಟವಲು ಬಿಚ್ಚಿದರು, ಮತ್ತೆ ಸುತ್ತಿದರು.

"ಸಾರ್, ಒಳಗಡೆ ಹೆಂಗೈತೆ ಅಂತ ಪೋಟೋದಾಗೆ ಬತ್ತದಾ?"

ಬರುತ್ತದೆ, ಕಷ್ಟಪಡಬೇಕು ಎಂದೆ. ಯಾರಿಗೆ ಎಂದು ಕೇಳಿದೆ.

ಹೆಂಡತಿಗೆ. ಮದುವೆಯಾದಾಗಿನಿಂದ ನಿವೃತ್ತಿಯವರೆಗೆ ಮಧ್ಯಾಹ್ನದ ಮುದ್ದೆಯನ್ನು ಹೊತ್ತು ಸುರಂಗದ ಬಾಯಿಯವರೆಗೆ ಬರುತ್ತಿದ್ದವಳು ಆಕೆ. ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಹೆಂಗಸರು ಒಳಗೆ ಬರಬಾರದೆಂದು ಹಳೆಯ ಮೇಸ್ತ್ರಿಯ ಕಾಲದ ಕಟ್ಟುಪಾಡು. ರೈಲು ನಿಂತ ಮೇಲೆ ಕಟ್ಟುಪಾಡೂ ಹೋಯಿತು, ಆದರೆ ಅಷ್ಟರಲ್ಲಿ ಆಕೆಯ ಮಂಡಿಗಳು ಹೋಗಿದ್ದವು. ಈಗ ಕಣ್ಣು. ಕೃಷ್ಣಗಿರಿಯ ಕಣ್ಣಿನ ಶಿಬಿರದಲ್ಲಿ ನೋಡಿದ ಡಾಕ್ಟರು, ಇದು ಪೊರೆಯಲ್ಲ, ನರ ಒಣಗುತ್ತಿದೆ, ನಮ್ಮ ಕೈಯಲ್ಲಿಲ್ಲ ಎಂದು ಹೇಳಿ ಕಳುಹಿಸಿದ್ದರು.

"ಇಷ್ಟ್ ವರ್ಷ ಎಲ್ಲೋಗಿ ಸಾಯ್ತಿದ್ದೆ, ನಂಗೊಂದ್ಸಲ ತೋರ್ಸು ಅಂತಾಳೆ ಸಾರ್. ಬಾಯಲ್ಲಿ ಹೇಳಿದ್ರೆ, ಕತ್ಲೆ ಕತ್ಲೆ ಅಂತೀಯ, ಕತ್ಲೆ ನಂಗೂ ಕಾಣ್ತದೆ ಬಿಡು ಅಂತ ಬಯ್ತಾಳೆ. ಪೂರ್ತಿ ಹೋಗೋದ್ರೊಳಗೆ ಒಂದ್ಕಿತ ತೋರುಸ್ಬೇಕು."

ಮುಂದಿನ ವಾರ ಬರುತ್ತೇನೆ ಎಂದು ಮಾತು ಕೊಟ್ಟೆ.

ಬಂದೆ. ಸುರಂಗದ ಬಲಗಡೆಯ ಗೋಡೆಯಲ್ಲಿ, ರೈಲು ಬಂದಾಗ ಆಳು ಒತ್ತರಿಸಿಕೊಂಡು ನಿಲ್ಲುವಷ್ಟು ಅಗಲದ ಗೂಡುಗಳಿದ್ದವು. ತಿರುವಿನ ಹೊರಮೈಯಲ್ಲಿದ್ದುದರಿಂದ, ಬಾಯಿಯ ಹತ್ತಿರ ನಿಂತರೆ ಆರು ಗೂಡುಗಳು ಒಂದರ ಹಿಂದೊಂದು ಕಾಣುತ್ತಿದ್ದವು. ಚಿತ್ರಕ್ಕೆ ಆ ಜಾಗವೂ ಆಗುತ್ತಿತ್ತು. ನಾನು ಸ್ಟ್ಯಾಂಡನ್ನು ಮೂರನೆಯ ಗೂಡಿನ ಎದುರು ಇಟ್ಟರೆ ಇನ್ನೂ ಚೆನ್ನಾಗಿರುತ್ತದೆ ಎಂದೆ. "ಆಯ್ಕಿಲ್ಲ" ಎಂದರು ತಾತ. ಐದು ನಿಮಿಷ ವಾದ ಮಾಡಿದೆ. ಅವರು ಸುತ್ತಿಗೆ ಊರಿಕೊಂಡು ಆ ಜಾಗದಲ್ಲೇ ನಿಂತುಬಿಟ್ಟರು. ನಾನೇ ಸೋತು ಬಾಯಿಯ ಕಡೆಗೆ ಬಂದೆ.

ಕತ್ತಲೆಯಲ್ಲಿ ಚಿತ್ರ ತೆಗೆಯುವ ಬಗೆ ಹೀಗೆ: ಕ್ಯಾಮೆರಾದ ಬಾಯನ್ನು ಕೆಲವು ನಿಮಿಷ ತೆರೆದೇ ಇಡಬೇಕು. ಆ ಹೊತ್ತಿನಲ್ಲಿ ಒಬ್ಬರು ಟಾರ್ಚು ಹಿಡಿದು ನಡೆಯುತ್ತಾ ಗೋಡೆಗಳಿಗೆ, ಮೇಲ್ಗಡೆಗೆ ಬೆಳಕನ್ನು ಬಳಿಯುತ್ತಾ ಹೋಗಬೇಕು, ಸುಣ್ಣ ಬಳಿದ ಹಾಗೆ. ಬೆಳಕು ಬಿದ್ದ ಗೋಡೆ ಚಿತ್ರದಲ್ಲಿ ಮೂಡುತ್ತದೆ. ನಡೆಯುತ್ತಲೇ ಇರುವ ಮನುಷ್ಯ ಮೂಡುವುದಿಲ್ಲ. ಆದರೆ ಅವನು ಒಂದು ಕಡೆ ನಿಲ್ಲಬಾರದು, ಟಾರ್ಚು ತನ್ನ ಮೇಲೆ ಬೀಳಬಾರದು.

ಇದನ್ನೆಲ್ಲ ತಾತನಿಗೆ ಎರಡು ಸಲ ಹೇಳಿದೆ. ಒಂದು ಸಲ ಅವರಿಂದ ತಿರುಗಿ ಹೇಳಿಸಿದೆ. ಟಾರ್ಚು ಕೊಟ್ಟು, ಸುತ್ತಿಗೆಯನ್ನು ಇಟ್ಟು ಹೋಗಿ ಎಂದೆ. ಅದೊಂದನ್ನು ಮಾತ್ರ ಒಪ್ಪಲು ಸ್ವಲ್ಪ ಹೊತ್ತಾಯಿತು. ಬರಿಗೈಯಲ್ಲಿ ಸುರಂಗದೊಳಗೆ ಹೋಗುವುದು, ಚಪ್ಪಲಿ ಹಾಕಿಕೊಂಡು ಅಡುಗೆಮನೆಗೆ ಹೋದ ಹಾಗೆ ಅನ್ನಿಸುತ್ತದೆ ಎಂದರು.

ಅವರು ಆ ತುದಿಯಿಂದ ನನ್ನ ಕಡೆಗೆ ನಡೆದು ಬಂದರು. ನಾನು ಗಡಿಯಾರದ ರೇಡಿಯಂ ಮುಳ್ಳನ್ನೇ ನೋಡುತ್ತಾ ಗುಂಡಿ ಒತ್ತಿ ಹಿಡಿದಿದ್ದೆ. ಬೆಳಕು ಮಧ್ಯೆ ಮಧ್ಯೆ ಸ್ವಲ್ಪ ಮಂಕಾಗುತ್ತಿತ್ತು. ಕಲ್ಲು ನೋಡಿ ಕಾಲಿಡುತ್ತಿದ್ದಾರೆ ಎಂದುಕೊಂಡೆ. ಹೀಗೆ ಮೂರು ಸಲ ನಡೆಸಿದೆ, ಮೂರು ಚಿತ್ರ ತೆಗೆದೆ.

"ಎಲ್ಲೂ ನಿಲ್ಲಲಿಲ್ಲ ತಾನೆ?"

"ಏ, ಎಲ್ ನಿಂತೆ ಸಾರ್? ನೀವು ಹೇಳಿದ್ಮೇಲೆ ಮುಗೀತು."

ಮರುದಿನ ಮನೆಯ ಬಚ್ಚಲಿನಲ್ಲಿ ಫಿಲ್ಮು ತೊಳೆದು ಬೆಳಕಿಗೆ ಹಿಡಿದಾಗ ನನಗೆ ಬಂದ ಕೋಪ ಇವತ್ತಿಗೂ ನೆನಪಿದೆ. ಗೋಡೆಗಳೇನೋ ಕಲ್ಲು ಕಲ್ಲೂ ಎಣಿಸುವ ಹಾಗೆ ಮೂಡಿದ್ದವು. ಆದರೆ ಆರು ಗೂಡುಗಳಲ್ಲೂ ತಾತ ನಿಂತಿದ್ದರು. ಒಂದೇ ಚಿತ್ರದಲ್ಲಿ ಆರು ತಾತಂದಿರು. ಬೆನ್ನನ್ನು ಗೋಡೆಗೆ ಒತ್ತಿ, ಟಾರ್ಚನ್ನು ಎದೆಯ ಮಟ್ಟಕ್ಕೆ ಹಿಡಿದು, ಬೆಳಕನ್ನು ತಮ್ಮ ಮುಖಕ್ಕೇ ಬಿಟ್ಟುಕೊಂಡು. ಹತ್ತಿರದ ಗೂಡಿನಲ್ಲಿ ಮೀಸೆಯೂ ಕಾಣುವಷ್ಟು ಸ್ಪಷ್ಟ, ದೂರದಲ್ಲಿ ಬರೀ ಹೊಗೆಯಂತೆ. ಮೂರು ಚಿತ್ರದಲ್ಲೂ ಅದೇ ಗೂಡು, ಅದೇ ನಿಲುವು. ನನ್ನ ಯಂತ್ರಗಳೂ ಅಷ್ಟು ತಪ್ಪಿಲ್ಲದೆ ಒಂದೇ ತಪ್ಪನ್ನು ಮೂರು ಸಲ ಮಾಡುತ್ತಿರಲಿಲ್ಲ.

ಒಂದು ಪ್ರತಿ ತೆಗೆದು, ಕಾರ್ಖಾನೆಯ ಅಭ್ಯಾಸದಂತೆ ಮೇಣದ ಕೆಂಪು ಪೆನ್ಸಿಲಿನಿಂದ ಮೂಲೆಯಲ್ಲಿ ಗುಣಾಕಾರದ ಗುರುತು ಹಾಕಿದೆ. ಮುಂದಿನ ರಜೆಯಲ್ಲಿ ಹೋಗಿ ಸರಿಯಾಗಿ ತೆಗೆಯೋಣ ಎಂದುಕೊಂಡೆ. ಮುಂದಿನ ರಜೆಗೆ ಮಳೆ. ಅದರ ಮುಂದಿನದಕ್ಕೆ ಕಾರ್ಖಾನೆಯಲ್ಲಿ ತಪಾಸಣೆ. ಆಮೇಲೆ ಶಿಫ್ಟು ಬದಲಾಯಿತು. ಐದು ವಾರ ಕಳೆಯಿತು. ತಾತನಿಗೆ ಒಂದು ಕಾಗದವನ್ನೂ ಹಾಕಲಿಲ್ಲ. ಕೆಟ್ಟ ಚಿತ್ರ ಕೊಡುವುದಕ್ಕಿಂತ ಕೊಡದಿರುವುದೇ ಸರಿ ಎಂದು ನನ್ನ ನಂಬಿಕೆ. ಆಕೆಯ ಕಣ್ಣು ನನ್ನ ರಜೆಗಾಗಿ ಕಾಯುವುದಿಲ್ಲ ಎಂಬುದು ಹೊಳೆಯಲೇ ಇಲ್ಲ... ಹೊಳೆದಿತ್ತೇನೋ, ಬದಿಗಿಟ್ಟಿದ್ದೆ.

ಒಂದು ಮಧ್ಯಾಹ್ನ ಶಿಫ್ಟು ಮುಗಿಸಿ ಗೇಟಿನಿಂದ ಹೊರಗೆ ಬಂದಾಗ ತಾತ ಅಲ್ಲಿ ನಿಂತಿದ್ದರು. ಸೈಕಲ್ಲು, ಸ್ಕೂಟರುಗಳ ನುಗ್ಗಾಟದಲ್ಲಿ ಕಾಂಪೌಂಡಿಗೆ ಬೆನ್ನು ಒತ್ತಿಕೊಂಡು, ಥೇಟ್ ಗೂಡಿನಲ್ಲಿ ನಿಂತ ಹಾಗೆ. ಯಾವ ಶಿಫ್ಟೆಂದು ಗೊತ್ತಿಲ್ಲದೆ ಬೆಳಗಿನ ಬಸ್ಸಿಗೇ ಬಂದಿದ್ದರಂತೆ.

"ಪೋಟೋ ಆಯ್ತಾ ಸಾರ್? ಅವ್ಳಿಗೆ ಬಲಗಣ್ಣು ಹೋಗ್ಬುಡ್ತು. ಎಡಗಣ್ಣಾಗೆ ಬೆಳಗ್ಗೆ ಹೊತ್ತು ಒಂಚೂರು ಕಾಣ್ತದಂತೆ."

ಬೈಯಲಿಲ್ಲ. ದೂರಲಿಲ್ಲ. ಆಗಲಾದರೂ ನಾನು ಮನೆಗೆ ಕರೆದೊಯ್ದು ಚಿತ್ರ ಕೊಡಬೇಕಿತ್ತು. "ಸರಿಯಾಗಿ ಬಂದಿಲ್ಲ ತಾತ, ಈ ಭಾನುವಾರ ಖಂಡಿತ ಬಂದು ಇನ್ನೊಂದು ಸಲ ತೆಗೆಯುತ್ತೇನೆ" ಎಂದೆ. ಅವರು ತಲೆಯಾಡಿಸಿದರು. ಬಸ್ ನಿಲ್ದಾಣದವರೆಗೆ ಹೋಗಿ ಕಾಫಿ ಕುಡಿಸಿ ಹತ್ತಿಸಿ ಬಂದೆ.

ಭಾನುವಾರ ಎಂಟೂವರೆಗೇ ತಾತನ ಊರಿನಲ್ಲಿದ್ದೆ. ಕೆಟ್ಟ ಚಿತ್ರವನ್ನೂ ಚೀಲದಲ್ಲಿಟ್ಟುಕೊಂಡಿದ್ದೆ. ಕೊಡಲು ಅಲ್ಲ, ತಪ್ಪನ್ನು ತೋರಿಸಿ ತಿದ್ದಲು. ತಾತನೂ ನಾನೂ ಲಂಟಾನಾ ದಾಟಿ ಬಂದು ನೋಡಿದರೆ ಸುರಂಗದ ಬಾಯಿಯ ಗುರುತೇ ಸಿಗಲಿಲ್ಲ. ಗುಡ್ಡವನ್ನು ಕಲ್ಲು ಗಣಿಗೆ ಕೊಟ್ಟಿದ್ದರು. ಮೇಲಿನಿಂದ ದೂಡಿದ ಮಣ್ಣು, ಬಂಡೆ ಕಮಾನನ್ನು ಅರ್ಧಕ್ಕಿಂತ ಮೇಲೆ ಮುಚ್ಚಿತ್ತು. ಮುಂದೆ ಕೆಂಪು ಬಾವುಟ, ಪಕ್ಕದಲ್ಲಿ ಕೊಡೆ ಹಿಡಿದು ಕುಳಿತಿದ್ದ ಕಾವಲುಗಾರ.

"ಉಳ್ಳೆ ಪೋಗಕ್ಕೂಡಾದು ತಾತಾ. ನಾಳೈಕ್ಕಿ ವೆಡಿ" ಎಂದ ಅವನು, ಕುಳಿತಲ್ಲಿಂದಲೇ.

"ಒಳಕ್ಕೆ ಬಿಡಾಕಿಲ್ವಂತೆ ಸಾರ್. ನಾಳಿಕ್ಕೆ ಬಂಡೆ ಸಿಡ್ಸಾಕೆ ಮದ್ದು ಇಕ್ತಾರಂತೆ" ಎಂದು ನನಗೆ ಹೇಳಿದ ತಾತ, ಅವನ ಕಡೆ ತಿರುಗಿ ತಮಿಳಿನಲ್ಲಿ ಏನೇನೋ ಕೇಳಿಕೊಂಡರು. ಅವನು ಒಳ್ಳೆಯವನೇ, ಬೀಡಿ ಕೊಟ್ಟ. ದಾರಿ ಕೊಡುವುದು ಅವನ ಕೈಯಲ್ಲಿರಲಿಲ್ಲ. ಹಿಂದಿನ ದಿನದಿಂದ ತಾತನನ್ನೂ ಒಳಗೆ ಬಿಟ್ಟಿರಲಿಲ್ಲವಂತೆ. ಅದನ್ನು ಅವರು ನನಗೆ ಹೇಳಿಯೇ ಇರಲಿಲ್ಲ, ನಾನು ದೊಡ್ಡ ಕಾರ್ಖಾನೆಯವನು, ನಾನು ಹೇಳಿದರೆ ಬಿಟ್ಟಾರು ಎಂದುಕೊಂಡಿದ್ದರು.

ಇಬ್ಬರೂ ಒಂದು ಬಂಡೆಯ ಮೇಲೆ ಕುಳಿತೆವು. ಚೀಲದಿಂದ ಚಿತ್ರ ತೆಗೆದು ಅವರ ಕೈಗಿಟ್ಟೆ.

"ಹೀಗಾಗಿತ್ತು, ನೋಡಿ. ನಿಲ್ಲಬೇಡಿ ಅಂದಿದ್ದೆ."

ಅವರು ಚಿತ್ರವನ್ನು ದೂರ ಹಿಡಿದರು, ಹತ್ತಿರ ತಂದರು.

"ನಾನು ನಿಂತಿಲ್ಲ ಸಾರ್. ದೇವ್ರಾಣೆ ನಿಂತಿಲ್ಲ..." ಎಂದವರು, ಆಮೇಲೆ ಮೆಲ್ಲಗೆ, "ಕಾಲು ನಿಂತುಬುಟ್ಟಿದೆ" ಎಂದರು.

ಕೆಲಸಕ್ಕೆ ಸೇರಿದ ಮೊದಲ ದಿನ ಮೇಸ್ತ್ರಿ ಕಲಿಸಿದ್ದಂತೆ ಅದು. ಪ್ರತಿ ಗೂಡಿನಲ್ಲೂ ನಿಲ್ಲಬೇಕು, ಎರಡೂ ಕಡೆ ಕಿವಿಗೊಡಬೇಕು, ಕೈದೀಪವನ್ನು ಎದೆಗೆ ಹಿಡಿದು ಬೆಳಕು ಮುಖಕ್ಕೆ ಬೀಳುವಂತೆ ಇಟ್ಟುಕೊಳ್ಳಬೇಕು. "ಡ್ರೈವರ್‌ಗೆ ಬರೀ ದೀಪ ಕಂಡ್ರೆ ಸಾಲ್ದು ಸಾರ್, ಗೂಡ್ನಾಗೆ ಆಳೈತೆ ಅಂತ ಕಾಣ್ಬೇಕು. ಬರೀ ದೀಪ ಆದ್ರೆ ಹಳಿ ಮೇಲೈತೋ ಗೂಡ್ನಾಗೈತೋ ಅವ್ರಿಗೇನ್ ಗೊತ್ತಾಯ್ತದೆ?" ಮೂವತ್ತೊಂದು ವರ್ಷ ಹಾಗೆ ನಿಂತ ದೇಹಕ್ಕೆ ನನ್ನ ಎರಡು ಸಲದ ಪಾಠ ಎಲ್ಲಿ ತಟ್ಟೀತು.

ತಾತ ಎದ್ದರು. "ಬನ್ನಿ, ಬಿಸ್ಲು ಏರೋದ್ರೊಳಗೆ ಹೋಗನ" ಎಂದರು. ಯಾಕೆಂದು ನಾನು ಕೇಳಲಿಲ್ಲ. ಅಷ್ಟು ಬೇಗ ನಡೆಯುವ ಮುದುಕರನ್ನು ನಾನು ನೋಡಿಲ್ಲ. ಚೀಲ ಹೊತ್ತುಕೊಂಡು ಹಿಂದೆ ಓಡಬೇಕಾಯಿತು.

ತಾತನ ಹೆಂಡತಿ, ಅಜ್ಜಿ, ಮನೆಯ ಜಗುಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು, ಕೈ ಮಾತ್ರ ನೋಡುತ್ತಿತ್ತು. ತಾತ ಆಕೆಯನ್ನು ಹಿಡಿದು ಅಂಗಳದ ಬಿಸಿಲಿಗೆ ತಂದು ಒರಳುಕಲ್ಲಿನ ಮೇಲೆ ಕೂರಿಸಿದರು. ಚಿತ್ರವನ್ನು ಎಡಗಣ್ಣಿನ ಮುಂದೆ ಗೇಣು ದೂರದಲ್ಲಿ ಹಿಡಿದರು. ಆಕೆ ತಲೆಯನ್ನು ಓರೆ ಮಾಡಿದರು, ಹಿಂದೆ ಸರಿಸಿದರು. ನಾನು ಅಂಗಳದ ಬಾಗಿಲಿನಲ್ಲಿ ನಿಂತೇ ಇದ್ದೆ.

"ಬಿಳೀಗ್ ಐತಲ್ಲಾ... ಇದು ನೀನಾ?"

"ಹೂಂ, ನಾನೇ."

"ಇದು?"

"ಅದೂ ನಾನೇ."

"ಥೂ ನಿನ್ನ. ಇದೂ?" ಎಣಿಸಿದರು. "ಆರು! ಒಬ್ಬನ್ನ ಕಟ್ಕಂಡೇ ಸಾಕಾಗೋಗೈತೆ, ಆರಾಳಿಗೆ ಯಾರಯ್ಯಾ ಮುದ್ದೆ ತಿರುವೋರು?"

ತಾತ ನಕ್ಕರು. ನಾನೂ ನಕ್ಕೆ. ಆಮೇಲೆ ಆಕೆ ಒಂದೊಂದೇ ಗೂಡಿನ ಮೇಲೆ ಬೆರಳಿಟ್ಟು, "ಇಲ್ಲೇನ್ ಮಾಡ್ತಿದ್ದೆ, ಇಲ್ಲೇನ್ ಮಾಡ್ತಿದ್ದೆ" ಎಂದು ಕೇಳುತ್ತಾ ಹೋದರು. ಅಷ್ಟು ವರ್ಷ ಕತ್ತಲೆ ಎಂಬ ಒಂದೇ ಮಾತು ಹೇಳಿದ್ದ ಮನುಷ್ಯ ಬಾಯಿ ಬಿಟ್ಟಿದ್ದು ಅವತ್ತು. ಬೆರಳಿಡಲು ಒಂದು ಜಾಗವಿದ್ದರೆ ಮಾತು ಬರುತ್ತದೆಯೋ ಏನೋ. ಒಂದು ಗೂಡಿನಲ್ಲಿ ಗೂಬೆ ಮರಿ ಮಾಡುತ್ತಿತ್ತಂತೆ, ರೈಲು ಬಂದಾಗ ಇವರೂ ಅದೂ ಜಾಗ ಹಂಚಿಕೊಂಡು ನಿಲ್ಲುತ್ತಿದ್ದರಂತೆ. ಇನ್ನೊಂದರಲ್ಲಿ, ದೊಡ್ಡ ಮಗಳು ಹುಟ್ಟಿದ ಸುದ್ದಿಯನ್ನು ಹೇಳಲು ಜೊತೆಗಾರನೊಬ್ಬ ಓಡಿ ಬಂದ. ಅದೇ ಹೊತ್ತಿಗೆ ರೈಲೂ ಬಂತು. ಇಬ್ಬರೂ ಒಂದೇ ಗೂಡಿಗೆ ನುಗ್ಗಿ ಅಂಟಿಕೊಂಡು ನಿಂತರು. ಅವನು ಕಿವಿಯ ಹತ್ತಿರ ಕೂಗುತ್ತಿದ್ದ, ಇವರಿಗೆ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಹದಿನಾಲ್ಕು ಬೋಗಿ ದಾಟುವವರೆಗೆ ಹುಟ್ಟಿದ್ದೋ ಸತ್ತದ್ದೋ ತಿಳಿಯದೆ ನಿಂತಿದ್ದರಂತೆ.

"ಅವತ್ತು ನಡ್ಕಂಡ್ ಬರಾಕಾಗ್ನಿಲ್ಲ ಕಣೇ, ಅಲ್ಲೇ ಗೂಡ್ನಾಗೆ ಕುಂತ್ಬುಟ್ಟೆ" ಎಂದರು.

"ಇದ್ಯಾಕೆ ನಂಗೇಳ್ನಿಲ್ಲ?"

"ನೀ ಕೇಳ್ನಿಲ್ವಲ್ಲ."

ಬಾಯಿಗೆ ಹತ್ತಿರದ ಕೊನೆಯ ಗೂಡಿಗೆ ಬಂದಾಗ ತಾತ ಟವಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಆಕೆ ಬಿಡಲಿಲ್ಲ.

"ಅಲ್ಲಿ ನಿಂತ್ರೆ ದಾರಿ ಕಾಣ್ತದೆ. ನೀನು ಮುದ್ದೆ ತಕ್ಕಂಡು ಬರೋದು ಕಾಣ್ತದೆ."

"ಅಂದ್ರೆ? ನಾನು ಬಿಸ್ಲಾಗೆ ನಿಂತು ಕೂಗಿ ಕೂಗಿ ಸಾಯ್ತಾ ಇದ್ರೆ, ನೀನು ತಂಪಾಗ್ ನಿಂತು ನೋಡ್ತಾ ಇದ್ಯಾ?"

"ಒಂದೈದ್ ನಿಮಿಷ" ಎಂದರು ತಾತ. ಆ ವಯಸ್ಸಿನಲ್ಲಿ ಅವರ ಮುಖ ಕೆಂಪಾಯಿತು.

ಅಜ್ಜಿ ಚಿತ್ರವನ್ನು ಮಡಿಲಿನಲ್ಲಿ ಇಳಿಸಿಕೊಂಡು ಕಣ್ಣೊರೆಸಿಕೊಂಡರು. ಮತ್ತೆ ಎತ್ತಿ ನೋಡಿ, "ಮೂಲೇಲಿ ಇದೇನಪ್ಪಾ ಕೆಂಪುಗೆ?" ಎಂದು ನನ್ನ ಕಡೆ ತಿರುಗಿದರು.

"ಅದು ನನ್ನ ತಪ್ಪು ಅಜ್ಜಿ" ಎಂದೆ.

ತಾತ ಟವಲಿನ ತುದಿಯನ್ನು ಎಂಜಲು ಮಾಡಿ ಉಜ್ಜಿದರು. ಮೇಣವಾದ್ದರಿಂದ ಬಹುಮಟ್ಟಿಗೆ ಹೋಯಿತು.

ಎಡಗಣ್ಣಿಗೆ ಆಮೇಲೆ ಉಳಿದಿದ್ದು ಎರಡು ತಿಂಗಳು. ಐದು ವಾರವನ್ನು ನಾನು ತಿಂದುಹಾಕಿದ್ದೆ. ಆ ಲೆಕ್ಕ ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ. ಆದರೂ ಆಕೆ ನೋಡಿದರಲ್ಲ, ಅದಕ್ಕೆ ನಾನು ಕಾರಣನಲ್ಲ. ನನ್ನ ಮಾತು ಕೇಳದ ತಾತನ ಕಾಲುಗಳು ಕಾರಣ. ನಾನು ಅಂದುಕೊಂಡಂತೆ ಚಿತ್ರ ಸರಿಯಾಗಿ ಬಂದಿದ್ದರೆ ಆಕೆಗೆ ಸಿಗುತ್ತಿದ್ದುದು ಕಲ್ಲಿನ ಗೋಡೆಯೊಂದೇ. ಆ ಋಣ ನನ್ನ ಮೇಲಿದೆ. ಕಾರ್ಖಾನೆಯಲ್ಲಿ ನನಗಿನ್ನೂ ಹನ್ನೊಂದು ವರ್ಷದ ಕೆಲಸವಿತ್ತು. ಕೆಂಪು ಪೆನ್ಸಿಲು ಎತ್ತುವ ಮೊದಲು ಯಂತ್ರದ ಹತ್ತಿರ ಹೋಗಿ, ಯಾರು ಮಾಡಿದ್ದು, ಯಾಕೆ ಹೀಗೆ ಮಾಡಿದೆಯಪ್ಪಾ ಎಂದು ಕೇಳುವ ಅಭ್ಯಾಸ ಬಂದದ್ದು ಅಲ್ಲಿಂದ. ಕೆಟ್ಟ ಮಾಲು ಒಳ್ಳೆಯದಾಗಲಿಲ್ಲ, ಆದರೆ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದ ಹುಡುಗರು ಊಟಕ್ಕೆ ಕರೆಯತೊಡಗಿದರು.

ಮುಂದಿನ ಯುಗಾದಿಯ ಹೊತ್ತಿಗೆ ಹೋದಾಗ ಅಜ್ಜಿಗೆ ಏನೂ ಕಾಣುತ್ತಿರಲಿಲ್ಲ. ಚಿತ್ರ ಕೈಯಲ್ಲೇ ಇತ್ತು. ಇಸಿದುಕೊಂಡು ನೋಡಿದರೆ ಅದರಲ್ಲಿ ತೂತುಗಳು. ನನ್ನ ಮುಖ ಸಿಂಡರಿಸಿತು, ಸುಳ್ಳು ಹೇಳುವುದಿಲ್ಲ.

"ಹಿಂದ್ಗಡೆಯಿಂದ ಸೂಜೀಲಿ ಚುಚ್ಚಿವ್ನಿ ಸಾರ್. ಮುಂದ್ಗಡೆ ಬೆರಳಿಗೆ ಸಿಗ್ತದೆ, ನೋಡಿ" ಎಂದರು ತಾತ.

ಕಣ್ಣು ಮುಚ್ಚಿ ಬೆರಳಾಡಿಸಿದೆ. ನುಣ್ಣನೆಯ ಕಾಗದದ ಮೇಲೆ, ಪ್ರತಿ ಗೂಡಿಗೆ ಒಂದರಂತೆ ಆರು ಸಣ್ಣ ಉಬ್ಬು. ದೂರದ ಗೂಡುಗಳಿಗೆ ಸಣ್ಣ ಸೂಜಿ, ಹತ್ತಿರದವಕ್ಕೆ ಗೋಣಿ ಹೊಲಿಯುವ ದಬ್ಬಳ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಅಳೆಯುವ ಯಾವ ಯಂತ್ರದಲ್ಲೂ ನೋಡಿರಲಿಲ್ಲ.

ತಾತ ಮೊದಲು ಹೋದರು. ಸುದ್ದಿ ನನಗೆ ತಿಳಿದಾಗ ಕಾರ್ಯವೂ ಮುಗಿದಿತ್ತು. ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತೆ. ಅಳಲಿಲ್ಲ ಆಕೆ. ಚಿತ್ರವನ್ನು ಮೊಣಕಾಲ ಮೇಲಿಟ್ಟುಕೊಂಡು, ಮೊದಲ ಉಬ್ಬಿಗೆ ಬೆರಳಿಟ್ಟು, "ಇಲ್ಲಿ ನೀರಿನ ಮಡಕೆ ಇಕ್ಕೋನು" ಎಂದು ಶುರು ಮಾಡಿದರು. ಎರಡನೆಯದು, ಕೆಲಸದ ಮೊದಲ ದಿನ ರೈಲಿನ ಗಾಳಿಗೆ ತಲೆಯ ಟವಲು ಹಾರಿ, ತಾತ ಹೆದರಿದ ಗೂಡು. ಹೀಗೆ ಆರನೆಯದರವರೆಗೆ. ಆ ಸುರಂಗದಲ್ಲಿ ನಿಂತು ಗೋಡೆಯ ಬೆಳಕನ್ನು ನಿಮಿಷ ನಿಮಿಷ ಅಳೆದವನು ನಾನು, ಒಳಗೆ ಕಾಲೇ ಇಡದವರು ಆಕೆ. ಆಕೆ ನನ್ನನ್ನು ಕರೆದುಕೊಂಡು ಒಳಗೆ ಹೋಗಿ ಬಂದ ಹಾಗಾಯಿತು. ನಾನು ತಲೆದೂಗುತ್ತಾ ಕೇಳಿದೆ. ಇನ್ನೊಂದು ಸಲ ಬಂದಾಗ ಇದನ್ನೆಲ್ಲ ಕೂತು ಬರೆದುಕೊಳ್ಳಬೇಕು ಎಂದುಕೊಂಡು ಎದ್ದೆ. ಅಜ್ಜಿ ಬಹಳ ದಿನ ಉಳಿಯಲಿಲ್ಲ. ಚಿತ್ರವನ್ನು ಮಗಳು ಆಕೆಯ ಕೈಯಲ್ಲೇ ಇಟ್ಟು ಮಣ್ಣು ಮಾಡಿಸಿದರಂತೆ.

ಮಗಳ ಮನೆಯವರು ಆ ಊರು ಬಿಟ್ಟು ಎಲ್ಲಿಗೆ ಹೋದರೋ ಗೊತ್ತಿಲ್ಲ. ಈಗ ಅಲ್ಲಿ ಗುಡ್ಡವೂ ಇಲ್ಲ. ಹೋದ ವರ್ಷ ಬಸ್ಸಿನ ಕಿಟಕಿಯಿಂದ ನೋಡಿದೆ, ಹಸಿರು ನೀರು ನಿಂತ ಒಂದು ದೊಡ್ಡ ಗುಂಡಿ.

ನೆಗೆಟಿವ್ ನನ್ನ ಹತ್ತಿರವಿದೆ. ಸಂಪು ತೊಳೆಸಿದ ದಿನ ಮಧ್ಯಾಹ್ನ, ಅದರಿಂದ ಹಿಂದೆಯೇ ಮಾಡಿಸಿಟ್ಟಿದ್ದ ಪ್ರತಿಯೊಂದನ್ನು ಹುಡುಕಿ ತೆಗೆದೆ. ಕೆಂಪು ಗುರುತಿಲ್ಲ, ತೂತಿಲ್ಲ. ಮೇಜಿನ ಮೇಲಿಟ್ಟುಕೊಂಡು ಅಜ್ಜಿಯ ಹಾಗೆಯೇ ಒಂದೊಂದು ಗೂಡಿಗೆ ಬೆರಳಿಟ್ಟೆ. ನೀರಿನ ಮಡಕೆ, ಹಾರಿದ ಟವಲು, ಗೂಬೆ... ನಾಲ್ಕನೆಯದಕ್ಕೆ ಬಂದು ನಿಂತೆ. ಅದು ಬಿಟ್ಟರೆ ಆಚೆಯವು ಎರಡೂ ನೆನಪಿವೆ, ಮಗಳ ಸುದ್ದಿ, ಮುದ್ದೆಯ ದಾರಿ. ನಾಲ್ಕನೆಯದನ್ನು ಅಂಗಳದಲ್ಲಿ ಒಂದು ಸಲ ತಾತನ ಬಾಯಲ್ಲಿ ಕೇಳಿದ್ದೆ, ಇನ್ನೊಂದು ಸಲ ಅಜ್ಜಿಯ ಬಾಯಲ್ಲಿ. ಎರಡು ಸಲವೂ ತಲೆದೂಗಿದ್ದೆ. ವಾರವಾಯಿತು, ದಿನಾ ಒಂಬತ್ತಕ್ಕೆ ಕುಳಿತು ನೋಡುತ್ತಿದ್ದೇನೆ. ಗೂಡಿದೆ, ಗೂಡಿನಲ್ಲಿ ತಾತ ಇದ್ದಾರೆ, ಮುಖದ ಮೇಲೆ ಬೆಳಕಿದೆ. ಅಲ್ಲಿ ಏನಾಗಿತ್ತೆಂಬುದು ನನಗೆ ಮರೆತುಹೋಗಿದೆ. ಕೇಳೋಣವೆಂದರೆ ಹೇಳುವವರು ಯಾರೂ ಉಳಿದಿಲ್ಲ...